ಆ ರಾತ್ರಿ ಅವಳು ಎಲ್ಲಿಗೆ ಹೋಗಬೇಕು?

(ರಜತ ಮಹೋತ್ಸವದ ಅಂಗವಾಗಿ ನಡೆದ ಮಹಿಳಾ ಸದಸ್ಯರ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಆಡಿದ ಮಾತುಗಳು)

ಎರಡು ಹೊತ್ತೂ ಹಾಲು ತಂದು ಹಾಕಿ ಈ ಸಂಘವನ್ನು ಇಪ್ಪತ್ತೈದು ವರ್ಷ ನಡೆಸಿಕೊಂಡು ಬಂದ ತಾಯಂದಿರೇ,

ನಮಗೆ ಭಾಷಣ ಮಾಡಿ ಅಭ್ಯಾಸವಿಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿ ಬೇಸಾಯಕ್ಕೆ ಇಳಿದವರು ನಾವು. ಕಾರ್ಯದರ್ಶಿಗಳು ಹಾಲಿನ ಗುಣಮಟ್ಟದ ಬಗ್ಗೆ ನಾಲ್ಕು ಮಾತು ಹೇಳಿ ಅಂದಿದ್ದರು. ಅದನ್ನು ಒಕ್ಕೂಟದ ವಿಸ್ತರಣಾಧಿಕಾರಿಗಳು ಆಗಲೇ ಚೆನ್ನಾಗಿ ಹೇಳಿದ್ದಾರೆ. ನಾವು ಬೇರೆ ವಿಷಯ ಎತ್ತುತ್ತೇವೆ. ಮನೆಯಲ್ಲಿ ಹೊಡೆತ ತಿಂದ ಹೆಣ್ಣುಮಗಳು ಆ ರಾತ್ರಿ ಎಲ್ಲಿ ಹೋಗಿ ಮಲಗಬೇಕು ಅನ್ನುವ ವಿಷಯ. ಹಬ್ಬದಂಥ ದಿನ ಇದು ಬೇಕಿತ್ತಾ ಅಂತ ಕೆಲವರಿಗೆ ಅನ್ನಿಸಬಹುದು. ಆದರೆ ಇಷ್ಟು ಜನ ಹೆಂಗಸರು ಒಂದು ಕಡೆ ಸೇರುವುದು ನಮ್ಮೂರಲ್ಲಿ ಇನ್ಯಾವಾಗ?

2019ರ ಮಳೆಗಾಲ. ಬೆಳಗಿನ ಜಾವ ಹಾಲು ಪರೀಕ್ಷಕರು ಬಾಗಿಲು ತೆಗೆಯಲು ಬಂದಾಗ ಡೈರಿ ಜಗಲಿ ಮೇಲೆ ಒಬ್ಬ ಹೆಣ್ಣುಮಗಳು ಮಗುವನ್ನು ಸೆರಗಿನಲ್ಲಿ ಸುತ್ತಿಕೊಂಡು ಕೂತಿದ್ದಳು. ಯಾರು, ಯಾವ ಕೇರಿ ಅಂತ ಹೇಳುವುದಿಲ್ಲ. ಗೊತ್ತಿದ್ದವರೂ ಹೇಳಬೇಡಿ. ರಾತ್ರಿ ಹೊಡೆದು ಹೊರಗೆ ತಳ್ಳಿ ಗಂಡ ಚಿಲಕ ಹಾಕಿಕೊಂಡಿದ್ದ. ತವರಿಗೆ ಹೋಗಲು ಬಸ್ಸಿಲ್ಲ, ಕೈಯಲ್ಲಿ ಕಾಸಿಲ್ಲ. ರಾತ್ರಿಯೆಲ್ಲ ದೀಪ ಉರಿಯುವ ಜಾಗ ಅಂತ ಡೈರಿಗೆ ಬಂದಿದ್ದಳು.

ನಾವು ಮಾಡಿದ್ದೇನು? ಮೂರು ಜನ ನಿರ್ದೇಶಕರು ಸೇರಿ ಅವಳ ಗಂಡನನ್ನು ಕರೆಸಿ, ಅರಳಿಕಟ್ಟೆ ಮೇಲೆ ಕೂರಿಸಿ ಬುದ್ಧಿ ಹೇಳಿದೆವು. ಅವನು ತಲೆ ಆಡಿಸಿದ. "ಹೊಂದ್ಕೊಂಡು ಹೋಗವ್ವ, ಮಗು ಮುಖ ನೋಡು" ಅಂತ ಅವಳನ್ನು ನಾವೇ ಮನೆವರೆಗೂ ಬಿಟ್ಟು ಬಂದೆವು. ನ್ಯಾಯ ಬಗೆಹರಿಸಿದೆವು ಅನ್ನುವ ಸಮಾಧಾನದಲ್ಲಿ ಕಾಫಿ ಕುಡಿದೆವು. ಹದಿನೈದು ದಿನಕ್ಕೆ ಅವಳ ಕೈ ಮುರಿದಿತ್ತು. ಆಗಲೂ ನಮ್ಮ ಬಾಯಲ್ಲಿ ಬಂದದ್ದು "ನೀನೇನವ್ವ ಎದುರು ಮಾತಾಡ್ದೆ?" ಅಂತ. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ಎರಡನೇ ಸಲ ಅವಳನ್ನು ಉಳಿಸಿದವರು ನಾವಲ್ಲ, ಅಂಗನವಾಡಿ ಟೀಚರು. ಅವರು ತಾಲ್ಲೂಕಿನ ಸಿಡಿಪಿಒ ಅವರಿಗೆ ಫೋನ್ ಮಾಡಿದರು. ನಮ್ಮ ರಾಜ್ಯದಲ್ಲಿ ಸಿಡಿಪಿಒ ಅವರೇ ಇಂಥ ಪ್ರಕರಣಗಳಿಗೆ ಸಂರಕ್ಷಣಾಧಿಕಾರಿ ಅನ್ನುವುದು ನಮಗೆ ತಿಳಿದದ್ದು ಅವತ್ತೇ. ಅಂಗನವಾಡಿ ಮೊಟ್ಟೆ ಲೆಕ್ಕ ನೋಡುವವರು ಅಂತಲೇ ತಿಳಿದಿದ್ದೆವು.

ನಾವು ತಿಳಿಯದೆ ಹೋದ ದೊಡ್ಡ ಸಂಗತಿ ಅಂದರೆ, ಆ ಮನೆಯಲ್ಲಿ ಇರುವ ಹಕ್ಕು ಅವಳಿಗೂ ಇತ್ತು. ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯಿದೆ 2005ರಲ್ಲಿ ಆಗಿ, 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ಅದರ 17ನೇ ಕಲಮಿನ ಪ್ರಕಾರ ಖಾತೆ ಯಾರ ಹೆಸರಲ್ಲೇ ಇರಲಿ, ಸಂಸಾರ ಮಾಡಿದ ಮನೆಯಲ್ಲಿ ಇರಲು ಹೆಂಗಸಿಗೆ ಹಕ್ಕಿದೆ. ಕಾನೂನಿನ ಕ್ರಮ ಬಿಟ್ಟು ಹೊರಗೆ ಹಾಕುವಂತಿಲ್ಲ. "ಮನೆ ನಮ್ಮಪ್ಪಂದು, ಅವಳಿಗೇನು ಸಂಬಂಧ" ಅನ್ನುವವರು ನಮ್ಮಲ್ಲಿ ಬಹಳ. 2020ರ ಅಕ್ಟೋಬರ್‌ನಲ್ಲಿ ಸತೀಶ್ ಚಂದರ್ ಅಹುಜಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಅತ್ತೆ ಮಾವನ ಹೆಸರಲ್ಲಿರುವ ಮನೆಯೂ ಈ ಹಕ್ಕಿನೊಳಗೆ ಬರಬಹುದು ಅಂತ ತೀರ್ಪು ಕೊಟ್ಟಿದೆ.

19ನೇ ಕಲಂ ಇನ್ನೂ ಮುಂದೆ ಹೋಗುತ್ತದೆ. ಹೊಡೆದವನೇ ಮನೆ ಬಿಟ್ಟು ಹೋಗಲಿ ಅಂತ ಮ್ಯಾಜಿಸ್ಟ್ರೇಟರು ಆದೇಶ ಮಾಡಬಹುದು. (ಅತ್ತೆ ನಾದಿನಿಯರನ್ನು ಹಾಗೆ ಹೊರಡಿಸುವಂತಿಲ್ಲ, ಅದನ್ನೂ ಹೇಳಿಬಿಡುತ್ತೇವೆ.) ಒಟ್ಟಿಗಿರುವುದು ಆಗದಿದ್ದರೆ ಬೇರೆ ಮನೆ ಮಾಡಿಕೊಡು ಇಲ್ಲವೇ ಬಾಡಿಗೆ ಕೊಡು ಅನ್ನಬಹುದು. ಆ ಮನೆ ಮಾರಬೇಡ, ಅಡವಿಡಬೇಡ ಅಂತಲೂ ತಡೆಯಬಹುದು. ಸಾಲ ಕೊಡುವ ಸಂಘಗಳಲ್ಲಿ ನಿರ್ದೇಶಕರಾಗಿರುವವರು ಈ ಕೊನೆಯ ಮಾತನ್ನು ಗುರುತು ಹಾಕಿಕೊಳ್ಳಿ.

ಅರ್ಜಿ ಬಂದ ಮೂರು ದಿನದೊಳಗೆ ಮೊದಲ ವಿಚಾರಣೆ ಇಡಬೇಕು, ಅಲ್ಲಿಂದ 60 ದಿನದಲ್ಲಿ ಮುಗಿಸಲು ಪ್ರಯತ್ನಿಸಬೇಕು ಅಂತ ಕಾಯಿದೆ ಹೇಳುತ್ತದೆ. ಕೋರ್ಟಿನ ವಾಯಿದೆ ಹೇಗಿರುತ್ತದೆ ಅಂತ ಜಮೀನು ವ್ಯಾಜ್ಯ ಕಂಡ ನಮಗೆ ಗೊತ್ತೇ ಇದೆ. ಆದ್ದರಿಂದ ಮಧ್ಯಂತರ ಆದೇಶ ಕೇಳಬೇಕು. ವಕೀಲರ ಫೀಜಿಗೆ ಹೆದರಬೇಡಿ. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ವಕೀಲರನ್ನು ಉಚಿತವಾಗಿ ಕೊಡುತ್ತಾರೆ.

ಅಲ್ಲಿಯವರೆಗೆ ಎಲ್ಲಿರುವುದು? ಎಲ್ಲರೂ ಹೇಳುವುದು ತವರು. ಅಣ್ಣತಮ್ಮಂದಿರೇ, ತಂಗಿ ಬಂದರೆ ಎಷ್ಟು ದಿನ ಇರ್ತೀಯ ಅಂತ ಕೇಳಬೇಡಿ. ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಅಂತ ಕರ್ನಾಟಕ 1994ರಲ್ಲೇ ಹಿಂದೂ ಉತ್ತರಾಧಿಕಾರಕ್ಕೆ ತಿದ್ದುಪಡಿ ತಂದಿತು, 2005ರಲ್ಲಿ ದೇಶಕ್ಕೆಲ್ಲ ಬಂತು. ಆದರೂ ಒಂದು ತೊಡಕಿದೆ. ಕುಡಿದು ಮಚ್ಚು ಹಿಡಿದವನು ಮೊದಲು ಹುಡುಕಿ ಬರುವುದು ತವರಿಗೇ.

ಅಂಥ ಹೊತ್ತಿನಲ್ಲಿ 181ಕ್ಕೆ ಫೋನ್ ಮಾಡಿ. ಏಟು ಬೀಳುತ್ತಿದ್ದರೆ 112, ಪೊಲೀಸರು ಬರುತ್ತಾರೆ. ಜಿಲ್ಲಾ ಕೇಂದ್ರದ ಸಖಿ ಕೇಂದ್ರದಲ್ಲಿ ಐದು ದಿನದವರೆಗೆ ಇರಲು ಜಾಗ, ಊಟ, ಆಸ್ಪತ್ರೆಗೆ ಕರೆದೊಯ್ಯುವ ಏರ್ಪಾಡು ಇರುತ್ತದೆ. ಹೆಚ್ಚು ದಿನ ಬೇಕಾದರೆ ಅಲ್ಲಿಂದಲೇ ಆಶ್ರಯ ಗೃಹಕ್ಕೆ ಸೇರಿಸುತ್ತಾರೆ. ಸ್ವಾಧಾರ ಗೃಹ ಅಂತಿದ್ದದ್ದು ಈಗ ಶಕ್ತಿ ಸದನ. ದೊಡ್ಡ ಗಂಡುಮಗ ಜೊತೆಗಿದ್ದರೆ ಇಟ್ಟುಕೊಳ್ಳುತ್ತಾರೋ ಇಲ್ಲವೋ, ಮೊದಲೇ ಕೇಳಿಕೊಳ್ಳಿ. ಕಾಯಿದೆಯ ಕೆಳಗಿನ ಆಶ್ರಯ ಗೃಹದವರು ದೂರು ಕೊಟ್ಟಿಲ್ಲ ಅನ್ನುವ ಕಾರಣಕ್ಕೆ ಸೇರಿಸಿಕೊಳ್ಳದೆ ಇರುವಂತಿಲ್ಲ. ಅವಳು ಬೇಡ ಅಂದರೆ, ಇಲ್ಲಿದ್ದಾಳೆ ಅಂತ ಗಂಡನಿಗೆ ತಿಳಿಸುವಂತೆಯೂ ಇಲ್ಲ.

ಆ ಗುಟ್ಟನ್ನು ಆಶ್ರಯ ಗೃಹದವರು ಕಾಪಾಡಿದರು, ಕಾಪಾಡದವರು ನಾವು. ನಮ್ಮ ಪೈಕಿ ಒಬ್ಬರು ಹೋಟೆಲಿನಲ್ಲಿ ಟೀ ಕುಡಿಯುತ್ತಾ, ಅವಳು ಇಂಥ ಕಡೆ ಇದ್ದಾಳಂತೆ ಅಂದುಬಿಟ್ಟರು. ಮಾರನೇ ದಿನ ಗಂಡ ಆ ಗೇಟಿನ ಮುಂದೆ ನಿಂತಿದ್ದ. ಅವಳನ್ನು ಬೇರೆ ಊರಿಗೆ ಸಾಗಿಸಬೇಕಾಯಿತು. ಮೂರನೇ ತರಗತಿಯ ಮಗುವಿನ ಶಾಲೆ ಅರ್ಧಕ್ಕೆ ತಪ್ಪಿತು. ಇವತ್ತು ಅವಳು ಎಲ್ಲಿದ್ದಾಳೆ ಅಂತ ನೀವು ಕೇಳಿದರೆ ನಾವು ಹೇಳುವುದಿಲ್ಲ. ಕ್ಷೇಮವಾಗಿದ್ದಾಳೆ.

ಪಕ್ಕದ ಮನೆ ಜಗಳಕ್ಕೆ ಹೋದರೆ ಕೇಸು ನಮ್ಮ ಮೇಲೆ ಬರುತ್ತೆ ಅಂತ ಹಿಂಜರಿಯುವವರಿಗೂ ಒಂದು ಮಾತು. ಒಳ್ಳೆ ಮನಸ್ಸಿನಿಂದ ಸಂರಕ್ಷಣಾಧಿಕಾರಿಗೆ ಸುದ್ದಿ ಮುಟ್ಟಿಸಿದವರ ಮೇಲೆ ಕೇಸು ನಿಲ್ಲುವುದಿಲ್ಲ, 4ನೇ ಕಲಂ ನೋಡಿ.

ಇನ್ನು ನಮ್ಮ ಸಂಘದ ಪಾಲು. ಅವಳು ಹೋದ ಮೇಲೂ ಅವಳು ಸಾಕಿದ ಎರಡು ಹಸುವಿನ ಹಾಲು ಬರುತ್ತಲೇ ಇತ್ತು. ಸಗಣಿ ಬಾಚಿದವಳು, ಹುಲ್ಲು ಹೊತ್ತವಳು ಅವಳು. ಬಟವಾಡೆ ಮಾತ್ರ ಗಂಡನ ಖಾತೆಗೆ ಹೋಗುತ್ತಿತ್ತು, ಯಾಕೆಂದರೆ ಸದಸ್ಯತ್ವ ಅವನ ಹೆಸರಲ್ಲಿತ್ತು. ಒಂದು ಕೋಣೆ ಬಾಡಿಗೆಗೆ ಹಿಡಿಯೋಣ ಅಂದರೆ ಅವಳ ಹತ್ತಿರ ಅಡ್ವಾನ್ಸಿಗೆ ದುಡ್ಡಿರಲಿಲ್ಲ. ಪಾಸ್‌ಬುಕ್ಕು, ಆಧಾರ್, ರೇಷನ್ ಕಾರ್ಡು ಎಲ್ಲ ಒಳಗೇ ಉಳಿದಿದ್ದವು. ತಾಯಂದಿರೇ, ಆ ಕಾಗದಗಳ ಜೆರಾಕ್ಸ್ ಒಂದನ್ನು ನಂಬಿಕೆಯವರ ಮನೆಯಲ್ಲಿ ಇಟ್ಟಿರಿ. ಹೊಡೆಯುವ ಗಂಡ ಇಲ್ಲದಿದ್ದರೂ ಇಟ್ಟಿರಿ, ಬೆಂಕಿ ನೀರಿಗಾದರೂ ಆಗುತ್ತದೆ.

ಫ್ಯಾಟಿನ ದರಪಟ್ಟಿ ಪಕ್ಕದಲ್ಲಿ 181 ಅಂತ ದೊಡ್ಡದಾಗಿ ಬರೆಸಿದ್ದೇವೆ. ಓದಲು ಬಾರದವರಿಗೆ ಕಾರ್ಯದರ್ಶಿಗಳು ತಮ್ಮ ಫೋನಿನಿಂದಲೇ ಮಾಡಿಕೊಡುತ್ತಾರೆ, ಯಾಕೆ ಅಂತ ಕೇಳುವುದಿಲ್ಲ. ಹೊಸ ಸದಸ್ಯತ್ವದ ಅರ್ಜಿಗಳು ಬಾಗಿಲ ಹತ್ತಿರದ ಮೇಜಿನ ಮೇಲಿವೆ. ಹಾಲು ಕರೆಯುವವರ ಹೆಸರಿನಲ್ಲೇ ತುಂಬಿ, ಎರಡು ಫೋಟೋ ತನ್ನಿ. ಊಟಕ್ಕೆ ಮೊದಲು ತೆಗೆದುಕೊಂಡು ಹೋಗಿ, ಆಮೇಲೆ ನೂಕುನುಗ್ಗಲಾಗುತ್ತದೆ.