ವಸಂತಕಾಲದ ಹಿತ್ತಲು ಮತ್ತು ಮನೆಗೋಳಿ

(ಗ್ರಾಮಸ್ಥರ ಸಭೆಯಲ್ಲಿ ಓದಿದ ಉಪನ್ಯಾಸ)



ಯುಗಾದಿ ಕಳೆದು ಅಶ್ವಿನಿ, ಭರಣಿ ಮಳೆಗಳನ್ನು ಎದುರುನೋಡುತ್ತಿರುವ ಈ ದಿನಗಳಲ್ಲಿ ರೈತನ ದೃಷ್ಟಿಯೆಲ್ಲವೂ ಹೊಲದ ಮೇಲಿರುವುದು ಸಹಜವೇ. ನೇಗಿಲು, ಬಿತ್ತನೆಯ ಬೀಜ, ಎತ್ತುಗಳ ಮೇವು ಇವುಗಳ ಚಿಂತೆಯಲ್ಲಿ ಮನೆಯ ಹಿಂದಿನ ಹಿತ್ತಲು ಮರೆತುಹೋಗುತ್ತದೆ. ಆದರೆ ರಾಗಿಯ ತೆನೆ ಕಣಕ್ಕೆ ಬರಲು ಇನ್ನೂ ಅನೇಕ ತಿಂಗಳುಗಳುಂಟು. ಅಲ್ಲಿಯವರೆಗೆ ಸಾರಿಗೆ ತರಕಾರಿ, ಮಕ್ಕಳಿಗೆ ಮೊಟ್ಟೆ, ಉಪ್ಪು ಎಣ್ಣೆಗಳಿಗೆ ಬಿಡಿಗಾಸು, ಇವೆಲ್ಲ ಹಿತ್ತಲಿನಿಂದಲೇ ಬರಬೇಕು. ಕೋಳಿ ಮಾರಿದ ಹಣವು ಅನೇಕ ಮನೆಗಳಲ್ಲಿ ಹೆಂಗಸರ ಸ್ವಂತ ಗಂಟು. ಸಾಹುಕಾರನ ಬಾಗಿಲಿಗೆ ಹೋಗುವುದನ್ನು ಎಷ್ಟೋ ಸಾರಿ ತಪ್ಪಿಸಿರುವುದು ಆ ಗಂಟೇ ಎಂಬುದನ್ನು ಯಜಮಾನರು ಬಾಯಿಬಿಟ್ಟು ಹೇಳದಿದ್ದರೂ ಬಲ್ಲರು.

ಕೋಳಿಗೂ ಕಾಯಿಪಲ್ಯದ ಮಡಿಗೂ ಇರುವ ವೈರವು ಪ್ರಸಿದ್ಧವಾದುದು. ಬೆಳಿಗ್ಗೆ ಬಿತ್ತಿದ ದಂಟಿನ ಮಡಿಯನ್ನು ಮಧ್ಯಾಹ್ನದೊಳಗಾಗಿ ಕೆದರಿಹಾಕಲು ಒಂದು ಹೇಂಟೆ ಸಾಕು. ಆದಕಾರಣ ಬೀಜಕ್ಕೆ ಮೊದಲು ಬೇಲಿಯಾಗತಕ್ಕದ್ದು. ಲಂಟಾನದ ಕಡ್ಡಿಯಾಗಲಿ ಬಿದಿರ ಸೀಳಾಗಲಿ ಒತ್ತಾಗಿ ಹೆಣೆದು ನಿಲ್ಲಿಸಿದರೆ ಖರ್ಚೇನೂ ಇಲ್ಲ. ಹಾರುವ ಚಪಲವುಳ್ಳ ಕೋಳಿಗೆ ಒಂದೇ ಪಕ್ಕದ ರೆಕ್ಕೆಯ ಉದ್ದ ಗರಿಗಳನ್ನು ಕತ್ತರಿಸಿದರೆ ತೂಕ ತಪ್ಪಿ ಬೇಲಿ ದಾಟಲಾರದು.

ಕುಂಬಳ, ಸೋರೆ, ಹೀರೆ, ಹಾಗಲಗಳಿಗೆ 2 ಅಡಿ ಅಗಲ, 1½ ಅಡಿ ಆಳದ ಗುಣಿಗಳನ್ನು ತೋಡಿ, ಕೆಲವು ದಿನ ಬಿಸಿಲುಂಡ ಮೇಲೆ ಮೇಲ್ಮಣ್ಣು ಗೊಬ್ಬರಗಳನ್ನು ಬೆರೆಸಿ ತುಂಬಬೇಕು. ಗುಣಿಗೆ ನಾಲ್ಕೈದು ಬೀಜ ಊರಿ, ಬಲವಾದ ಎರಡು ಸಸಿಗಳನ್ನು ಮಾತ್ರ ಉಳಿಸುವುದು. ಬಚ್ಚಲ ನೀರು ಬೀದಿಗೆ ಹರಿದು ಕೆಸರಾಗುವುದಕ್ಕಿಂತ ಬಾಳೆಯ ಬುಡಕ್ಕೆ ಹರಿಯುವುದು ಲೇಸು. ಕೋಳಿಯ ಗೊಬ್ಬರವು ದನದ ಸಗಣಿಗಿಂತ ಬಹಳ ಸಾರವುಳ್ಳದ್ದಾದರೂ ಹಸಿಯಾಗಿ ಹಾಕಿದರೆ ಬೇರು ಸುಡುತ್ತದೆ. ಮಣ್ಣು, ತರಗೆಲೆಗಳೊಡನೆ ಎರಡು ಮೂರು ತಿಂಗಳು ಕಳಿಯಬೇಕು. ಅದರ ಮೇಲೆ ಒಲೆಯ ಬೂದಿಯನ್ನು ಸುರಿಯುವ ಪದ್ಧತಿಯು ತಪ್ಪು. ಬೂದಿಯ ಕ್ಷಾರದಿಂದ ಗೊಬ್ಬರದ ಸಾರಜನಕವು ಆವಿಯಾಗಿ ಹೋಗುತ್ತದೆ. ಮೂಗಿಗೆ ಬಡಿಯುವ ಘಾಟು ಆ ನಷ್ಟದ ವಾಸನೆಯೇ. ಬೂದಿಯನ್ನು ಬೆಳಗಿನ ಇಬ್ಬನಿಯಲ್ಲಿ ಕುಂಬಳದ ಎಳೆಯ ಎಲೆಗಳ ಮೇಲೆ ಚಿಮುಕಿಸಿದರೆ ಕೆಂಪು ದುಂಬಿಯ ಹಾವಳಿ ತಗ್ಗುವುದು.

ಕಾವಿಗೆ ಕೂಡಿಸುವ ಕೆಲಸವನ್ನು ಬಿರುಬೇಸಿಗೆಗೆ ತಳ್ಳಬಾರದು. ಸೆಕೆಯಲ್ಲಿ ಮೊಟ್ಟೆ ಬೇಗ ಕೆಡುವುದರಿಂದ ನಾಲ್ಕೈದು ದಿನಕ್ಕಿಂತ ಹಳೆಯದನ್ನು ಇಡದೆ, 10 ಅಥವಾ 12 ಮೊಟ್ಟೆಗಳನ್ನು ಮರಳು ಹುಲ್ಲು ಹಾಸಿದ ಕುಕ್ಕೆಯಲ್ಲಿಟ್ಟು, ತಳದ ಮರಳಿಗೆ ಆಗಾಗ ನೀರು ಚಿಮುಕಿಸಬೇಕು. ಏಳನೆಯ ರಾತ್ರಿ ದೀಪದೆದುರು ಹಿಡಿದರೆ ಜೀವವುಳ್ಳ ಮೊಟ್ಟೆಯಲ್ಲಿ ಜೇಡನ ಬಲೆಯಂತೆ ರಕ್ತನಾಳಗಳು ಕಾಣುತ್ತವೆ; ಬರಿದಾದುವನ್ನು ತೆಗೆದುಬಿಡುವುದು. 21 ದಿನಗಳಿಗೆ ಮರಿಯಾಗುತ್ತದೆ. ಮರಿಗಳಿಗೆ ರಾಗಿಯ ನುಚ್ಚು, ಹೆಚ್ಚಿದ ಸೊಪ್ಪು, ಗೆದ್ದಲು ಉತ್ತಮ ಆಹಾರ. ಸಗಣಿ ಹುಲ್ಲು ತುಂಬಿದ ಮಡಕೆಯನ್ನು ಹುತ್ತದ ಬಳಿ ರಾತ್ರಿ ಬೋರಲು ಹಾಕಿ ಗೆದ್ದಲು ಹಿಡಿಯುವ ವಿದ್ಯೆಯನ್ನು ಊರಿನ ಮುದುಕಿಯರಿಗೆ ಯಾರೂ ಕಲಿಸಬೇಕಾಗಿಲ್ಲ.

ಇಷ್ಟೆಲ್ಲ ಶ್ರಮವೂ ಒಂದು ವಾರದಲ್ಲಿ ಮಣ್ಣುಪಾಲಾಗುವುದು ಕೊಕ್ಕರೆ ರೋಗದಿಂದ. 1927ರಲ್ಲಿ ಕುಮಾವೂನ್ ಬೆಟ್ಟಸೀಮೆಯ ರಾಣಿಖೇತದಲ್ಲಿ ಗುರುತಿಸಲ್ಪಟ್ಟುದರಿಂದ ಇದಕ್ಕೆ ರಾಣಿಖೇತ ರೋಗವೆಂದೂ ಹೆಸರು. ಕೋಳಿ ಜೋಮುಹಿಡಿದು ನಿಲ್ಲುತ್ತದೆ, ಬಾಯಿ ತೆರೆದು ಉಸಿರೆಳೆಯುತ್ತದೆ, ಹಸಿರಾಗಿ ಭೇದಿ ಮಾಡುತ್ತದೆ. ಕೆಲವಕ್ಕೆ ಕತ್ತು ತಿರುಚಿ ಕಾಲು ಬೀಳುತ್ತದೆ. ರೋಗ ತಗುಲಿದ ಮೇಲೆ ಔಷಧವಿಲ್ಲ. ಇದು ಕಣ್ಣಿಗೆ ಕಾಣದ ಸೂಕ್ಷ್ಮ ವಿಷಾಣುವಿನಿಂದ ಹರಡುವ ವ್ಯಾಧಿಯೇ ಹೊರತು ದೇವತೆಯ ಮುನಿಸಲ್ಲ. ಒಂದು ಮನೆಯಲ್ಲಿ ಕೋಳಿ ಜೋಲುಬಿದ್ದ ಕೂಡಲೇ ಉಳಿದುವನ್ನು ಸಂತೆಗೆ ಹೊತ್ತು ಮಾರುತ್ತಾರೆ. ಕೊಂಡವನು ಹತ್ತು ಹರದಾರಿ ದೂರದ ತನ್ನ ಊರಿಗೆ ರೋಗವನ್ನು ಒಯ್ಯುತ್ತಾನೆ. ಸತ್ತುದನ್ನು ತಿಪ್ಪೆಗೆ ಎಸೆದರೆ ನಾಯಿ ಕಾಗೆಗಳು ಆ ಕೆಲಸವನ್ನು ಪೂರೈಸುತ್ತವೆ.

ತಡೆಯುವ ಉಪಾಯವು ಲಸಿಕೆಯೊಂದೇ. 1940ರ ದಶಕದಲ್ಲಿ ಮುಕ್ತೇಶ್ವರದ ಪಶುವೈದ್ಯ ಸಂಶೋಧನಾಲಯದಲ್ಲಿ ಇದಕ್ಕೆ ಲಸಿಕೆ ಸಿದ್ಧವಾಯಿತು. ಮರಿಗಳಿಗೆ ಮೊದಲ ವಾರದಲ್ಲಿ ಕಣ್ಣಿಗೋ ಮೂಗಿಗೋ ಹನಿ, ಎರಡು ತಿಂಗಳಾದ ಮೇಲೆ ರೆಕ್ಕೆಯ ಬಳಿ ಚರ್ಮದಡಿಗೆ ಸೂಜಿಮದ್ದು. ಆರೋಗ್ಯವಾಗಿರುವ ಕೋಳಿಗೆ ಮಾತ್ರ ಹಾಕಿಸತಕ್ಕದ್ದು. ಬಲ ಬರಲು ಸುಮಾರು ಎರಡು ವಾರ ಬೇಕಾದ್ದರಿಂದ ರೋಗ ಬಂದಮೇಲೆ ಓಡಿ ಫಲವಿಲ್ಲ.

ಮುಖಂಡರ ಕೆಲಸವಿರುವುದು ಇಲ್ಲಿಯೇ. ಮದ್ದನ್ನು ಮಂಜುಗಡ್ಡೆಯಲ್ಲಿಟ್ಟೇ ತರಬೇಕು. ಕಲಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು. ಒಂದು ಸೀಸೆಯು ಬಹು ಕೋಳಿಗಳಿಗೆ ಸಾಲುವುದರಿಂದ ಆರು ಕೋಳಿಗಳ ಒಬ್ಬ ವಿಧವೆ ಅದನ್ನು ತರಿಸಲಾರಳು. ಮುಖಂಡರು ಪಶುವೈದ್ಯರೊಡನೆ ದಿನ ಗೊತ್ತುಮಾಡಿ ಹಿಂದಿನ ಸಂಜೆಯೇ ಡಂಗುರ ಸಾರಿಸಿದರೆ, ಬೆಳಗಿನ ಜಾವ ಕೋಳಿಗಳನ್ನು ಗೂಡಿನಿಂದ ಬಿಡುವುದಕ್ಕೆ ಮುಂಚೆ ಊರೆಲ್ಲಕ್ಕೂ ಮುಗಿದುಹೋಗುತ್ತದೆ. ಒಂದು ಕೇರಿಯನ್ನು ಬಿಟ್ಟರೂ ರೋಗಕ್ಕೆ ಬಾಗಿಲು ತೆರೆದಂತೆಯೇ.

ರೋಗದಿಂದ ಸತ್ತುದನ್ನು ಸುಣ್ಣ ಹಾಕಿ ಆಳವಾಗಿ ಹೂಳತಕ್ಕದ್ದು. ಗೂಡಿಗೆ ಸುಣ್ಣ ಬಳಿದು ಬಿಸಿಲಿಗೊಡ್ಡಿ ಒಂದು ತಿಂಗಳಾದರೂ ಖಾಲಿ ಬಿಡತಕ್ಕದ್ದು. ಆಮೇಲೆ ಸಂತೆಯಿಂದ ತಂದ ಹೊಸ ಕೋಳಿಯನ್ನು ಹದಿನೈದು ದಿನ ಬೇರೆ ಪಂಜರದಲ್ಲಿಟ್ಟು, ಚುರುಕಾಗಿ ಮೇಯುವುದನ್ನು ಕಂಡ ನಂತರವೇ ಮನೆಯ ಕೋಳಿಗಳ ಜೊತೆಗೆ ಸೇರಿಸುವುದು.