ಸ್ನ್ಯಾಪ್‌ಶಾಟ್ ಅಂದ್ರೆ ಬ್ಯಾಕಪ್ ಅಲ್ಲ: ಹಳೇ ಲೆಕ್ಕ, ಹೊಸ ಲ್ಯಾಪ್‌ಟಾಪ್ ಮತ್ತು ವರ್ಚುವಲ್‌ಬಾಕ್ಸ್

ಇವತ್ತಿನ ಮಾತು ಹಳೇ ಬಿಲ್ಲಿಂಗ್ ಸಾಫ್ಟ್‌ವೇರ್ ಬಗ್ಗೆ.

ಬಟ್ಟೆ ಅಂಗಡಿ, ಮಂಡಿ, ಟ್ಯಾಕ್ಸ್ ಪ್ರಾಕ್ಟೀಷನರ್ ಆಫೀಸು... ಎಷ್ಟೋ ಕಡೆ ಮೂಲೆಯಲ್ಲಿ ಒಂದು ಹಳೇ ಕಂಪ್ಯೂಟರ್ ಕೂತಿರುತ್ತೆ. ಅದರಲ್ಲಿ ವಿಂಡೋಸ್ 7. ಅದನ್ನ ಯಾರೂ ಮುಟ್ಟೋ ಹಾಗಿಲ್ಲ, ಯಾಕಂದ್ರೆ ಹಿಂದಿನ ವರ್ಷಗಳ ಲೆಕ್ಕ ತೆರೆಯೋದು ಅದರಲ್ಲಿರೋ ಆ ಒಂದು ಸಾಫ್ಟ್‌ವೇರ್‌ನಲ್ಲಿ ಮಾತ್ರ. ಮಾಡಿಕೊಟ್ಟವರು ಈಗ ಫೋನ್ ಎತ್ತಲ್ಲ. ಇತ್ತ ಜಿಎಸ್‌ಟಿ ಕಾಯ್ದೆ ಪ್ರಕಾರ, ಆಯಾ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸೋ ಕೊನೇ ದಿನಾಂಕದಿಂದ 72 ತಿಂಗಳು ಲೆಕ್ಕಪತ್ರ ಇಟ್ಟುಕೊಂಡಿರಬೇಕು. ಅಪೀಲು, ತನಿಖೆ ಇದ್ರೆ ಇನ್ನೂ ಜಾಸ್ತಿ. ಅಲ್ಲೀವರೆಗೆ ಆ ಹಾರ್ಡ್ ಡಿಸ್ಕ್ ಬದುಕಿರುತ್ತೆ ಅಂತ ಯಾರು ಬರೆದುಕೊಡ್ತಾರೆ?

ಇದಕ್ಕೆ ದಾರಿ ವರ್ಚುವಲ್ ಮಷೀನ್. ಹೊಸ ಲ್ಯಾಪ್‌ಟಾಪ್ ಒಳಗೆ, ಒಂದು ವಿಂಡೋದಲ್ಲಿ, ಇನ್ನೊಂದು ಪೂರ್ತಿ ಕಂಪ್ಯೂಟರ್. ಇದಕ್ಕೆ ನಾನು ಹೇಳೋದು ವರ್ಚುವಲ್‌ಬಾಕ್ಸ್. ಜರ್ಮನಿಯ ಇನ್ನೊಟೆಕ್ ಕಂಪನಿ ಮಾಡಿದ್ದು, 2008ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಪಾಲಾಯ್ತು, 2010ರಿಂದ ಒರಾಕಲ್ ಕೈಯಲ್ಲಿದೆ. ಕಮಾಂಡ್ ಟೈಪ್ ಮಾಡಬೇಕಿಲ್ಲ, ಎಲ್ಲಾ ಮೌಸ್‌ನಲ್ಲೇ ಆಗುತ್ತೆ. ಮೂಲ ಸಾಫ್ಟ್‌ವೇರ್ ಉಚಿತ. ಎಕ್ಸ್‌ಟೆನ್ಶನ್ ಪ್ಯಾಕ್ ಅಂತ ಇನ್ನೊಂದು ಬರುತ್ತೆ, ಅದು ಆಫೀಸ್ ಬಳಕೆಗೆ ಉಚಿತ ಅಲ್ಲ. ಬೇಡದಿದ್ರೆ ಹಾಕಲೇಬೇಡಿ. ವಿಂಡೋಸ್‌ಗೆ ಲೈಸೆನ್ಸ್ ಇಲ್ಲೂ ಬೇಕು.

ಶುರು ಮಾಡೋದು ಸುಲಭ. ನ್ಯೂ ಒತ್ತಿ, ವಿಂಡೋಸ್ 7 ಐಎಸ್‌ಒ ಫೈಲ್ ತೋರಿಸಿ, 2 ಜಿಬಿ ರ‍್ಯಾಮ್ ಕೊಡಿ. ಆನ್ ಆಗದಿದ್ರೆ ಬಯೋಸ್‌ನಲ್ಲಿ ವರ್ಚುವಲೈಸೇಶನ್ ಆಫ್ ಇದೆಯಾ ನೋಡಿ. ಎಂ ಸರಣಿಯ ಮ್ಯಾಕ್ ಇರೋರಿಗೆ ಈ ದಾರಿ ಆಗಲ್ಲ. ಬಿಲ್ಲಿಂಗ್ ಸಾಫ್ಟ್‌ವೇರ್‌ನ ಸಿಡಿ ಕಳೆದುಹೋಗಿದ್ಯಾ? ಮೈಕ್ರೋಸಾಫ್ಟ್‌ನ ಡಿಸ್ಕ್‌2ವಿಎಚ್‌ಡಿ ಅನ್ನೋ ಪುಟ್ಟ ಪ್ರೋಗ್ರಾಮ್ ಹಳೇ ಡಿಸ್ಕನ್ನೇ ಒಂದು ಫೈಲ್ ಮಾಡಿಕೊಡುತ್ತೆ, ವರ್ಚುವಲ್‌ಬಾಕ್ಸ್ ಅದನ್ನ ಓದುತ್ತೆ. ಕೆಲವೊಮ್ಮೆ ಬೂಟ್ ಆಗೋಕೆ ಹಠ ಮಾಡುತ್ತೆ, ತಾಳ್ಮೆ ಬೇಕು.

ಇಷ್ಟು ಯಾವ ವಿಡಿಯೋದಲ್ಲಾದ್ರೂ ಸಿಗುತ್ತೆ. ಲೆಕ್ಕ ಹೋಗೋದು ಇಲ್ಲಲ್ಲ, ಆಮೇಲೆ.

ಮೊದಲನೇದು, ವಿಂಡೋ ಮುಚ್ಚೋ ಗುರುತು. ಅದನ್ನ ಒತ್ತಿದ್ರೆ ಮೂರು ಆಯ್ಕೆ ಬರುತ್ತೆ. ಸೇವ್ ಸ್ಟೇಟ್ ಅಂದ್ರೆ ಇದ್ದದ್ದು ಇದ್ದ ಹಾಗೇ ಮಲಗಿಸೋದು. ಶಟ್‌ಡೌನ್ ಸಿಗ್ನಲ್ ಅಂದ್ರೆ ಒಳಗಿನ ವಿಂಡೋಸ್‌ಗೆ ‘ನೀನೇ ಸರಿಯಾಗಿ ಮುಚ್ಚಿಕೋ’ ಅನ್ನೋದು. ಪವರ್ ಆಫ್ ಅಂದ್ರೆ ಪ್ಲಗ್ ಕಿತ್ತ ಹಾಗೆ. ಬಿಲ್ಲಿಂಗ್ ಡೇಟಾಬೇಸ್ ತೆರೆದಿರೋವಾಗ ಪ್ಲಗ್ ಕಿತ್ತರೆ ಏನಾಗುತ್ತೆ ಅಂತ ಕರೆಂಟ್ ಹೋಗೋ ಊರಿನವರಿಗೆ ಹೇಳಬೇಕಿಲ್ಲ.

ಆ ಪವರ್ ಆಫ್ ಕೆಳಗೇ ಒಂದು ಟಿಕ್ ಬಾಕ್ಸ್ ಇರುತ್ತೆ: ರಿಸ್ಟೋರ್ ಕರೆಂಟ್ ಸ್ನ್ಯಾಪ್‌ಶಾಟ್. ಇದು ಅರ್ಥ ಆಗಬೇಕಾದ್ರೆ ಸ್ನ್ಯಾಪ್‌ಶಾಟ್ ಏನು ಅಂತ ಗೊತ್ತಿರಬೇಕು. ಫೋಟೋ ಅಂದ್ಕೊಂಡ್ರೆ ತಪ್ಪು. ನಾನು ಬಿಕಾಂ, ನನಗೆ ಇದು ಲೆಡ್ಜರ್ ಥರ ಕಾಣುತ್ತೆ. ಸ್ನ್ಯಾಪ್‌ಶಾಟ್ ತೆಗೆದ ಕ್ಷಣ ಹಳೇ ಪುಸ್ತಕ ಅಲ್ಲಿಗೇ ಕ್ಲೋಸ್, ಅದರ ಮೇಲೆ ಬರೆಯೋ ಹಾಗಿಲ್ಲ. ಅಲ್ಲಿಂದ ಮುಂದಿನ ಬದಲಾವಣೆಗಳೆಲ್ಲ ಹೊಸ ಪುಸ್ತಕಕ್ಕೆ, ಅಂದ್ರೆ ಇನ್ನೊಂದು ಫೈಲ್‌ಗೆ ಹೋಗುತ್ತೆ. ಹೊಸ ಪುಸ್ತಕದಲ್ಲಿ ಇರೋದು ವ್ಯತ್ಯಾಸ ಮಾತ್ರ. ಹಳೇ ಪುಸ್ತಕ ಕಳೆದ್ರೆ? ಓಪನಿಂಗ್ ಬ್ಯಾಲೆನ್ಸೇ ಇಲ್ಲದ ಡೇಬುಕ್ ಇಟ್ಕೊಂಡು ಏನು ಮಾಡ್ತೀರಾ! ಎರಡೂ ಫೈಲ್ ಇರೋದು ಒಂದೇ ಲ್ಯಾಪ್‌ಟಾಪ್‌ನ ಒಂದೇ ಡಿಸ್ಕ್‌ನಲ್ಲಿ. ಡಿಸ್ಕ್ ಹೋದ್ರೆ ಎರಡೂ ಹೋಯ್ತು. ಹಾಗಾಗಿ ಇದು ಬ್ಯಾಕಪ್ ಅಲ್ಲ.

ಈಗ ಆ ಟಿಕ್‌ಗೆ ಬನ್ನಿ. ಸೋಮವಾರ ಸ್ನ್ಯಾಪ್‌ಶಾಟ್ ತೆಗೆದ್ರಿ. ಗುರುವಾರದವರೆಗೆ ಅಕೌಂಟೆಂಟ್ ಕೂತು ಹಳೇ ಇನ್‌ವಾಯ್ಸ್‌ಗಳನ್ನ ಸರಿಪಡಿಸಿದ್ರು. ಸಂಜೆ ಅವಸರದಲ್ಲಿ ಆ ಟಿಕ್ ಹಾಕಿ ಪವರ್ ಆಫ್ ಮಾಡಿದ್ರೆ ಮಷೀನ್ ಸೋಮವಾರಕ್ಕೆ ವಾಪಸ್. ಅಷ್ಟೂ ದಿನದ ಕೆಲಸ ನೀರುಪಾಲು.

ತಮಾಷೆ ಅಂದ್ರೆ ಜನ ಹೆದರೋದು ಡಿಲೀಟ್‌ಗೆ, ರಿಸ್ಟೋರನ್ನ ಧೈರ್ಯವಾಗಿ ಒತ್ತುತಾರೆ. ಇರೋದು ಉಲ್ಟಾ. ಸ್ನ್ಯಾಪ್‌ಶಾಟ್ ಡಿಲೀಟ್ ಮಾಡಿದ್ರೆ ಎರಡು ಪುಸ್ತಕ ಸೇರಿ ಒಂದಾಗುತ್ತೆ, ಇವತ್ತಿನ ಲೆಕ್ಕ ಹಾಗೇ ಇರುತ್ತೆ. ರಿಸ್ಟೋರ್ ಮಾಡಿದ್ರೆ ಇವತ್ತಿನದ್ದೇ ಹೋಗೋದು. ಆದರೆ ಡಿಲೀಟನ್ನ ವರ್ಚುವಲ್‌ಬಾಕ್ಸ್ ಒಳಗಿಂದಲೇ ಮಾಡಿ. ಜಾಗ ಖಾಲಿ ಮಾಡ್ತೀನಿ ಅಂತ ಫೋಲ್ಡರ್‌ಗೆ ಹೋಗಿ ಆ ವಿಡಿಐ ಫೈಲ್‌ಗಳನ್ನ ಅಳಿಸೋಕೆ ಹೋಗಬೇಡಿ.

ನಿಜವಾದ ಬ್ಯಾಕಪ್ ಬೇಕಾ? ಮಷೀನನ್ನ ಶಟ್‌ಡೌನ್ ಮಾಡಿ, ಫೈಲ್ ಮೆನುವಿನಲ್ಲಿ ಎಕ್ಸ್‌ಪೋರ್ಟ್ ಅಪ್ಲಯನ್ಸ್ ಒತ್ತಿ. ಇಡೀ ಮಷೀನ್ ಒಂದು ಒವಿಎ ಫೈಲ್ ಆಗುತ್ತೆ. ಸ್ನ್ಯಾಪ್‌ಶಾಟ್‌ಗಳು ಅದರಲ್ಲಿ ಬರಲ್ಲ, ಈಗಿನ ಸ್ಥಿತಿ ಮಾತ್ರ ಬರುತ್ತೆ, ನಮಗೆ ಅಷ್ಟು ಸಾಕು. ಅದನ್ನ ಬೇರೆ ಹಾರ್ಡ್ ಡಿಸ್ಕ್‌ನಲ್ಲಿಡಿ, ಆ ಡಿಸ್ಕನ್ನ ಬೇರೆ ಕಟ್ಟಡದಲ್ಲಿಟ್ಟರೆ ಇನ್ನೂ ಒಳ್ಳೇದು.

ಹಾಂ, ಇಂಟರ್ನೆಟ್. ವಿಂಡೋಸ್ 7ಗೆ ಮೈಕ್ರೋಸಾಫ್ಟ್ ಬೆಂಬಲ ನಿಂತಿದ್ದು 2020ರ ಜನವರಿ 14ಕ್ಕೆ. ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್‌ಗೆ ಹೋಗಿ ‘ನಾಟ್ ಅಟ್ಯಾಚ್ಡ್’ ಅಂತ ಇಟ್ಟುಬಿಡಿ. ಹಳೇ ಬಿಲ್ ನೋಡೋಕೆ ನೆಟ್ ಯಾಕೆ?

ಎಲ್ಲಾ ಆದಮೇಲೆ ಆ ಒವಿಎ ಫೈಲನ್ನ ಸ್ನೇಹಿತರ ಲ್ಯಾಪ್‌ಟಾಪ್‌ಗೆ ಇಂಪೋರ್ಟ್ ಮಾಡಿ, ಹಳೇ ಇನ್‌ವಾಯ್ಸ್ ಒಂದನ್ನ ತೆರೆದು ನೋಡಿ, ಆಮೇಲೆ ಅಲ್ಲಿಂದ ಅಳಿಸಿ. ಇನ್‌ವಾಯ್ಸ್ ತೆರೆದ್ರೆ ಮೂಲೆಯ ಕಂಪ್ಯೂಟರ್ ಆಫ್ ಮಾಡಬಹುದು. ಗುಜರಿಗೆ ಮಾತ್ರ ಈಗಲೇ ಹಾಕಬೇಡಿ, ಒಂದು ಮಾರ್ಚ್ ಕಳೀಲಿ.