ದನಕರುಗಳಿಗೆ ಕುಡಿಸುವ ನೀರಿನ ಗುಣಪರೀಕ್ಷೆ
(ಅಮದಳ್ಳಿಯ ಹೈನುಗಾರರನ್ನು ಉದ್ದೇಶಿಸಿದ ಉಪನ್ಯಾಸದ ಲಿಖಿತ ರೂಪ)



ಕಾರವಾರ–ಅಂಕೋಲಾ ಕರಾವಳಿಯಲ್ಲಿ ಏಪ್ರಿಲ್ ಕಳೆಯುತ್ತಿದ್ದಂತೆ ಸಮುದ್ರ ಹಾಗೂ ಗಜನಿಯ ಅಂಚಿನ ಕೆಲವು ಬಾವಿಗಳ ನೀರು ಸವಳಾಗುತ್ತದೆ. ಮನೆಯವರು ಅದನ್ನು ಕುಡಿಯುವುದನ್ನು ನಿಲ್ಲಿಸುತ್ತಾರೆ. ಕೊಟ್ಟಿಗೆಗೆ ಮಾತ್ರ ಅದೇ ನೀರು ಮುಂದುವರಿಯುತ್ತದೆ. ಮನುಷ್ಯರಿಗೆ ಬೇಡವಾದ ನೀರು ದನಕ್ಕೆ ಸಾಕೆಂಬ ಈ ರೂಢಿ ಒಂದು ಮಿತಿಯವರೆಗಷ್ಟೇ ಸರಿ. ಆ ಮಿತಿಯನ್ನು ನಾಲಿಗೆಯಿಂದ ಅಳೆಯಲಾಗದು.

ಸಿಹಿನೀರು ಸಮುದ್ರದ ನೀರಿಗಿಂತ ಹಗುರ. ಮರಳುನೆಲದಡಿ ಅದು ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ. ಅಂತರ್ಜಲವು ಸಮುದ್ರಮಟ್ಟಕ್ಕಿಂತ 1 ಅಡಿ ಮೇಲಿದ್ದರೆ ಆ ಮಟ್ಟದ ಕೆಳಗೆ ಸುಮಾರು 40 ಅಡಿ ಸಿಹಿನೀರು ಇರುತ್ತದೆಂಬುದು ಸ್ಥೂಲ ಲೆಕ್ಕ. ಬೇಸಿಗೆಯಲ್ಲಿ ಪಂಪು ಹಚ್ಚಿ ಬಾವಿಯನ್ನು ಬರಿದುಮಾಡಿದಷ್ಟೂ ಉಪ್ಪುನೀರು ಮೇಲೇರುತ್ತದೆ.

ಲೀಟರಿಗೆ 1000 ಮಿಲಿಗ್ರಾಂವರೆಗೆ ಕರಗಿದ ಲವಣವಿರುವ ನೀರು ದನಗಳಿಗೆ ಉತ್ತಮ. 3000ದವರೆಗೂ ಅವು ಸಹಿಸುತ್ತವೆ; ಮೊದಲ ಕೆಲವು ದಿನ ಸಗಣಿ ತೆಳುವಾಗಬಹುದು. 5000 ದಾಟಿದ ನೀರನ್ನು ಗಬ್ಬದ ಹಾಗೂ ಕರೆಯುವ ಹಸುಗಳಿಗೆ ಕೊಡಬಾರದು. 7000 ದಾಟಿದರೆ ಯಾವ ದನಕ್ಕೂ ಬೇಡ. ಹಾಲಿನ 100 ಪಾಲಿನಲ್ಲಿ ಸುಮಾರು 87 ಪಾಲು ನೀರೇ ಇರುವುದರಿಂದ, ಸವಳೆಂದು ಹಸು ಕುಡಿಯುವುದನ್ನು ಕಡಿಮೆ ಮಾಡಿದರೆ ಬೇಗನೆ ಹಾಲು ಇಳಿಯುತ್ತದೆ. ಇದನ್ನು ಹಿಂಡಿಯ ದೋಷವೆಂದು ಭಾವಿಸಿ ಹಿಂಡಿ ಬದಲಿಸುವುದು ವ್ಯರ್ಥ ಖರ್ಚು.

ಟಿ.ಡಿ.ಎಸ್. ಮೀಟರು ಉಪ್ಪನ್ನು ತಕ್ಕಮಟ್ಟಿಗೆ ಹೇಳುತ್ತದೆ, ರೋಗಾಣುವನ್ನು ಹೇಳುವುದಿಲ್ಲ. ಮಳೆಗಾಲದಲ್ಲಿ ಅದು ತೋರಿಸುವ ಕಡಿಮೆ ಅಂಕಿ ಹಲವರನ್ನು ಮೋಸಗೊಳಿಸುತ್ತದೆ. ಆಗ ಉಪ್ಪು ಇಳಿದಿರುತ್ತದೆ ನಿಜ, ಆದರೆ ಗೊಬ್ಬರಗುಂಡಿಯ ರಸ ಬಾವಿಗೆ ಇಳಿದಿರಬಹುದು. ಅದರಲ್ಲಿನ ನೈಟ್ರೇಟು ದನದ ಮೊದಲ ಹೊಟ್ಟೆಯಲ್ಲಿ ನೈಟ್ರೈಟಾಗಿ, ರಕ್ತವು ಆಮ್ಲಜನಕ ಹೊರುವುದನ್ನು ತಡೆಯುತ್ತದೆ. ಪ್ರಮಾಣ ಅತಿಯಾದರೆ ರಕ್ತ ಕಂದುಬಣ್ಣಕ್ಕೆ ತಿರುಗುತ್ತದೆ. ಗಬ್ಬದ ಹಸು ಕಂದು ಹಾಕಲೂಬಹುದು. ಆದುದರಿಂದ ಪರೀಕ್ಷೆ ವರ್ಷಕ್ಕೆ ಎರಡು ಸಲ ಆಗಬೇಕು: ಮೇ ಕೊನೆಯಲ್ಲಿ ಉಪ್ಪಿಗಾಗಿ, ಮಳೆ ಹಿಡಿದ ಮೇಲೆ ನೈಟ್ರೇಟು ಮತ್ತು ರೋಗಾಣುಗಳಿಗಾಗಿ.

ಜಲ ಜೀವನ್ ಮಿಷನ್ ಅಡಿ ಗ್ರಾಮಗಳಿಗೆ ಒದಗಿಸಲಾಗುವ ಕ್ಷೇತ್ರ ಪರೀಕ್ಷಾ ಕಿಟ್ಟಿನಿಂದ ಕ್ಲೋರೈಡು, ನೈಟ್ರೇಟುಗಳನ್ನು ಸ್ಥಳದಲ್ಲೇ ನೋಡಬಹುದು. ಪ್ರಯೋಗಾಲಯಕ್ಕೆ ಕಳಿಸುವುದಾದರೆ ಬಾಟಲಿಯನ್ನು ಅದೇ ನೀರಿನಿಂದ ಮೂರು ಸಲ ತೊಳೆದು ತುಂಬಿಸಬೇಕು. ರೋಗಾಣು ಪರೀಕ್ಷೆಗೆ ಮಾತ್ರ ಪ್ರಯೋಗಾಲಯವೇ ಕೊಡುವ ಬಾಟಲಿಯನ್ನು ತೊಳೆಯದೆ ಬಳಸಿ, ತಂಪಾಗಿಟ್ಟು, 24 ಗಂಟೆಯೊಳಗೆ ಮುಟ್ಟಿಸಬೇಕು.

ಉಪ್ಪು ಹೆಚ್ಚಿದ್ದರೆ ಬಾವಿಯನ್ನೇ ಕೈಬಿಡಬೇಕಾಗಿಲ್ಲ. 6000 ಇರುವ ಬಾವಿನೀರಿಗೆ 500 ಇರುವ ನಳದ ನೀರನ್ನು ಸಮಪಾಲು ಬೆರೆಸಿದರೆ 3250ಕ್ಕೆ ಇಳಿಯುತ್ತದೆ. ಅಂಥ ದಿನಗಳಲ್ಲಿ ಕಲಗಚ್ಚಿಗೆ ಪ್ರತ್ಯೇಕವಾಗಿ ಉಪ್ಪು ಹಾಕುವುದು ಬೇಡ.